ಸನ್ಮಾನದ ಮರುದಿನ

ರಾಜ್ಯೋತ್ಸವ ಬಂತೆಂದರೆ ಹೊರನಾಡಿನ ಯಾವ ಕನ್ನಡ ಸಂಘದ ಆಮಂತ್ರಣ ಪತ್ರಿಕೆಯಲ್ಲಾದರೂ ‘ಪ್ರತಿಭಾ ಪುರಸ್ಕಾರ’ ಎಂಬ ಸಾಲು ತಪ್ಪದೆ ಇರುತ್ತದೆ. ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳಲ್ಲಿ ಹೆಚ್ಚು ಅಂಕ ಪಡೆದ ನಮ್ಮ ಮಕ್ಕಳನ್ನು ವೇದಿಕೆಗೆ ಕರೆದು, ಶೇಕಡಾವಾರು ಅಂಕವನ್ನು ದಶಮಾಂಶ ಸಮೇತ ಓದಿ, ಶಾಲು ಹೊದಿಸಿ, ನೆನಪಿನ ಕಾಣಿಕೆ ಕೊಟ್ಟು, ಅತಿಥಿಗಳ ನಡುವೆ ನಿಲ್ಲಿಸಿ ಛಾಯಾಚಿತ್ರ ತೆಗೆಸುತ್ತೇವೆ. ತಂದೆತಾಯಿಗಳ ಕಣ್ಣು ತುಂಬುತ್ತದೆ. ಅಷ್ಟರಲ್ಲಿ ಮುಂದಿನ ಕಾರ್ಯಕ್ರಮದ ಘೋಷಣೆಯಾಗುತ್ತದೆ. ಮಗು ವೇದಿಕೆಯಿಂದ ಇಳಿಯುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಸಂಘದ ಬದುಕಿನಿಂದಲೂ ಅಂದೇ ಇಳಿದುಹೋಗುತ್ತದೆ. ಮತ್ತೆ ಅದನ್ನು ನಾವು ನೋಡುವುದು ಅದರ ಮದುವೆಯ ಆರತಕ್ಷತೆಯಲ್ಲಿ.

ಪುರಸ್ಕಾರವನ್ನು ನಿಲ್ಲಿಸಬೇಕೆಂದು ನಾನು ವಾದಿಸುತ್ತಿಲ್ಲ. ಪರನಾಡಿನಲ್ಲಿ, ಮನೆಯಲ್ಲೊಂದು ಮಾತು, ಬೀದಿಯಲ್ಲೊಂದು ಮಾತು, ಶಾಲೆಯಲ್ಲಿ ಮತ್ತೊಂದು ಮಾತು ಆಡುತ್ತ ಓದಿ ಮುಂದೆ ಬಂದ ಮಗುವನ್ನು ತನ್ನವರು ನಾಲ್ಕು ಜನರ ಎದುರು ಮೆಚ್ಚುವುದು ಒಳ್ಳೆಯದೇ. ನನ್ನ ಪ್ರಶ್ನೆ ಬೇರೆ. ಸನ್ಮಾನದ ಮರುದಿನ ಏನು? ಗೌರವವನ್ನು ಸ್ವೀಕರಿಸಿದವರ ಮೇಲೆ ಯಾವ ಹೊಣೆಯೂ ಬೀಳದಿದ್ದರೆ ಅದು ಗೌರವವೋ, ಕೇವಲ ಉಪಚಾರವೋ? ಈ ಪ್ರಶ್ನೆಯನ್ನು ಕುರಿತು ಯೋಚಿಸಲು ನನಗೆ ದೊರೆತ ಉದಾಹರಣೆ ಬಲು ದೂರದ್ದು: ಅಮೆರಿಕದ ಕಾಲೇಜುಗಳಲ್ಲಿ ಗಣಿತದ ವಿದ್ಯಾರ್ಥಿಗಳು ನಡೆಸುವ ಗೌರವ ಸಂಘಗಳು. ಅವುಗಳ ವರ್ಷದ ಚಟುವಟಿಕೆಗಳನ್ನೂ ವಿದ್ಯಾರ್ಥಿ ಸಮ್ಮೇಳನಗಳನ್ನೂ ಓದುಗರ ಮುಂದಿಟ್ಟು, ಅವುಗಳಿಂದ ನಾವು ತೆಗೆದುಕೊಳ್ಳಬಹುದಾದದ್ದೇನು, ಬಿಡಬೇಕಾದದ್ದೇನು ಎಂದು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ನಾನು ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕೇಂದ್ರ ಸರ್ಕಾರದ ಲೆಕ್ಕಪತ್ರ ವಿಭಾಗವೊಂದರಲ್ಲಿ ಮೂರು ದಶಕಗಳ ಹತ್ತಿರ ಸೇವೆ ಸಲ್ಲಿಸುತ್ತಿರುವವನು. ಗಣಿತ ಕಲಿತವನು ಕೊನೆಗೆ ಕೂಡುವ ಕಳೆಯುವ ಕೆಲಸಕ್ಕೇ ಸೇರಿದ ಎಂದು ಗೆಳೆಯರು ನಗೆಯಾಡುವುದುಂಟು. ಮೇಲಿನ ಸಂಘಗಳ ಪರಿಚಯ ನನಗಾದದ್ದು ಅಣ್ಣನ ಮಗಳಿಂದ. ಅಮೆರಿಕದ ಒಂದು ಸಣ್ಣ ಕಾಲೇಜಿನಲ್ಲಿ ಓದುತ್ತಿದ್ದ ಆಕೆ, ತನ್ನನ್ನು ಇಂಥದೊಂದು ಸಂಘಕ್ಕೆ ಸೇರಿಸಿಕೊಂಡಿದ್ದಾರೆಂದು ದೂರವಾಣಿಯಲ್ಲಿ ಹೇಳಿದಾಗ, ಅದೂ ನಮ್ಮ ಶಾಲು-ಹಾರದ ಮಾದರಿಯದೇ ಇರಬೇಕೆಂದು ನಾನು ಭಾವಿಸಿ, “ಏನು ಬಹುಮಾನ ಕೊಟ್ಟರಮ್ಮಾ?” ಎಂದು ಕೇಳಿದೆ. “ಬಹುಮಾನವಲ್ಲ ಚಿಕ್ಕಪ್ಪ, ಕೆಲಸ ಕೊಟ್ಟಿದ್ದಾರೆ” ಎಂದಳು. ಆ ಮಾತಿನಿಂದ ನನ್ನ ಕುತೂಹಲ ಬೆಳೆಯಿತು.

ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿನ ಸಂಘಗಳು ಹಳೆಯ ಪದ್ಧತಿ. 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾ ಅವುಗಳಲ್ಲಿ ಮೊದಲನೆಯದು. ಮುಂದೆ ಒಂದೊಂದು ವಿಷಯಕ್ಕೆ ಒಂದೊಂದು ಗೌರವ ಸಂಘ ಹುಟ್ಟಿಕೊಂಡಿತು. ಗಣಿತಕ್ಕೆ ಮೀಸಲಾದ ಪೈ ಮ್ಯೂ ಎಪ್ಸಿಲಾನ್ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ 1914ರ ಮೇ 25ರಂದು ನೋಂದಣಿಯಾಯಿತು. ಅಲ್ಲಿ 1903ರಿಂದಲೇ ಒಂದು ಗಣಿತ ಕೂಟವಿತ್ತು. ಅದನ್ನು ಗೌರವ ಸಂಘವಾಗಿ ಪರಿವರ್ತಿಸಿದವರಲ್ಲಿ ಪ್ರಾಧ್ಯಾಪಕ ಎಡ್ವರ್ಡ್ ಡ್ರೇಕ್ ರೋ ಮುಖ್ಯರು. ಇಂದು ಅದಕ್ಕೆ 400ಕ್ಕೂ ಹೆಚ್ಚು ಕಾಲೇಜು ಶಾಖೆಗಳಿವೆ. ಮತ್ತೊಂದು ಸಂಘ ಕಪ್ಪಾ ಮ್ಯೂ ಎಪ್ಸಿಲಾನ್; 1931ರಲ್ಲಿ ಓಕ್ಲಹೋಮಾ ರಾಜ್ಯದ ಶಿಕ್ಷಕರ ಕಾಲೇಜೊಂದರಲ್ಲಿ ಹುಟ್ಟಿದ್ದು. ಹೆಸರಾಂತ ವಿಶ್ವವಿದ್ಯಾಲಯಗಳಿಗಿಂತ ಹೆಚ್ಚಾಗಿ ಪದವಿ ತರಗತಿಗಳ ಸಣ್ಣ ಕಾಲೇಜುಗಳೇ ಅದರ ನೆಲೆ. ನಮ್ಮ ತಾಲೂಕು ಕೇಂದ್ರದ ಕಾಲೇಜುಗಳನ್ನು ನೆನೆದುಕೊಂಡರೆ ಈ ವಿವರಕ್ಕೆ ಬೆಲೆಯಿದೆ ಎಂಬುದು ಓದುಗರಿಗೆ ತಿಳಿದೀತು.

ಸದಸ್ಯತ್ವಕ್ಕೆ ಅಂಕದ ಅರ್ಹತೆ ಅಲ್ಲಿಯೂ ಇದೆ, ಇಲ್ಲವೆಂದಲ್ಲ. ಕಲನಶಾಸ್ತ್ರವನ್ನೂ ಅದರ ಮೇಲಿನ ಕೆಲವು ಪಾಠಗಳನ್ನೂ ಮುಗಿಸಿರಬೇಕು, ಗಣಿತದಲ್ಲಿ ಉತ್ತಮ ಶ್ರೇಣಿ ಇರಬೇಕು, ಒಟ್ಟಾರೆ ತರಗತಿಯ ಮೇಲಿನ ಮೂರನೆಯ ಒಂದು ಪಾಲಿನಲ್ಲಿ ಸ್ಥಾನವಿರಬೇಕು. ಆದರೆ ಅಂಕ ಅಲ್ಲಿ ಬಾಗಿಲು ಮಾತ್ರ. ಮನೆ ಅದರ ಒಳಗಿದೆ. ಚೆನ್ನಾಗಿ ನಡೆಯುವ ಶಾಖೆಗಳ ವರ್ಷ ಸಾಗುವುದು ಸರಿಸುಮಾರು ಹೀಗೆ: ಕಾಲೇಜು ತೆರೆದೊಡನೆ ಹಳೆಯ ಸದಸ್ಯರು ಸೇರಿ ವರ್ಷದ ಯೋಜನೆ ಹಾಕುತ್ತಾರೆ. ಒಂದು ಫಲಕದ ಮೇಲೆ ಆಗಾಗ ಹೊಸ ಸಮಸ್ಯೆಯೊಂದನ್ನು ಅಂಟಿಸುತ್ತಾರೆ. ಬಿಡಿಸಿದವರ ಹೆಸರು ಅದೇ ಫಲಕದ ಮೇಲೆ ಬರುತ್ತದೆ. ಗಣಿತವೆಂದರೆ ಹೆದರುವ ಕಿರಿಯ ವಿದ್ಯಾರ್ಥಿಗಳಿಗೆ ಸಂಜೆ ಹೊತ್ತು ಪಾಠ ಹೇಳಿಕೊಡುತ್ತಾರೆ. ಹೊರಗಿನ ವಿದ್ವಾಂಸರನ್ನು ಕರೆಸಿ ಉಪನ್ಯಾಸ ಮಾಡಿಸುತ್ತಾರೆ. ಮಾರ್ಚ್ 14ರಂದು, ಅವರ ಬರವಣಿಗೆಯ ಕ್ರಮದಲ್ಲಿ ಅದು 3-14 ಆಗುವುದರಿಂದ, ‘ಪೈ ದಿನ’ವೆಂದು ತಿಂಡಿ ಹಂಚಿ ನಕ್ಕು ನಲಿಯುತ್ತಾರೆ. 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನ ವಸ್ತುಸಂಗ್ರಹಾಲಯವೊಂದರಲ್ಲಿ ತಮಾಷೆಗೆಂದು ಆರಂಭವಾದ ಈ ಆಚರಣೆಯ ದಿನವನ್ನೇ 2019ರಲ್ಲಿ ಯುನೆಸ್ಕೋ ಅಂತರರಾಷ್ಟ್ರೀಯ ಗಣಿತ ದಿನವೆಂದು ಸಾರಿತು. ವಸಂತ ಕಾಲದಲ್ಲಿ ಹೊಸ ಸದಸ್ಯರ ಸೇರ್ಪಡೆಯ ಸಮಾರಂಭ. ಅದರಲ್ಲೂ ಒಂದು ಗಂಭೀರ ಉಪನ್ಯಾಸವಿರುವುದು ರೂಢಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ವಿದ್ಯಾರ್ಥಿ ಸಮ್ಮೇಳನ. ಪೈ ಮ್ಯೂ ಎಪ್ಸಿಲಾನ್ ಸಂಘದ ರಾಷ್ಟ್ರೀಯ ಸಮಾವೇಶ, ಅಮೆರಿಕದ ಗಣಿತ ಅಧ್ಯಾಪಕರ ದೊಡ್ಡ ಸಂಸ್ಥೆಯ ಬೇಸಿಗೆ ಅಧಿವೇಶನದ ಜೊತೆಯಲ್ಲಿಯೇ ನಡೆಯುತ್ತ ಬಂದಿದೆ. ಓಹಾಯೋ ರಾಜ್ಯದ ಆಕ್ಸ್‌ಫರ್ಡ್ ಎಂಬ ಊರಿನ ಮಯಾಮಿ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಇದೇ ಸಂಘದ ವಿದ್ಯಾರ್ಥಿ ಸಮ್ಮೇಳನಗಳು ನಡೆದಿವೆ. ಕಪ್ಪಾ ಮ್ಯೂ ಎಪ್ಸಿಲಾನ್ ಸಂಘದವರದು ಎರಡು ವರ್ಷಕ್ಕೊಮ್ಮೆ ಸೇರುವ ಸಮ್ಮೇಳನ. ಎಲ್ಲ ಕಡೆಯೂ ಕ್ರಮ ಒಂದೇ. ಹತ್ತೊಂಬತ್ತು, ಇಪ್ಪತ್ತು ವರ್ಷದ ಹುಡುಗ ಹುಡುಗಿಯರು ಕಾಲು ಗಂಟೆಯ ಆಸುಪಾಸು ಒಂದು ಗಣಿತ ವಿಷಯವನ್ನು ಕುರಿತು ತಾವೇ ಮಾತನಾಡಬೇಕು. ಹೊಸ ಶೋಧವೇ ಆಗಬೇಕೆಂದಿಲ್ಲ. ಹಿಂದಿನವರು ಕಂಡದ್ದನ್ನು ತಾನು ಅರ್ಥ ಮಾಡಿಕೊಂಡು ಇತರರಿಗೆ ಅರ್ಥವಾಗುವಂತೆ ಹೇಳಿದರೂ ಸಾಕು. ಕೊನೆಗೆ ಸಭೆ ಪ್ರಶ್ನೆ ಕೇಳುತ್ತದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳುವುದೂ ಶಿಕ್ಷಣದ ಭಾಗವೇ. ಒಳ್ಳೆಯ ಪ್ರಬಂಧಗಳಿಗೆ ಅಚ್ಚಿನ ದಾರಿಯೂ ಇದೆ: ಮೊದಲ ಸಂಘದ ನಿಯತಕಾಲಿಕ 1949ರಿಂದ, ಎರಡನೆಯದರ ‘ಪೆಂಟಗನ್’ 1941ರಿಂದ ಬಂದಿವೆ. ಎರಡರಲ್ಲೂ ವಿದ್ಯಾರ್ಥಿಗಳ ಬರಹಕ್ಕೂ ಸಮಸ್ಯೆಗಳ ವಿಭಾಗಕ್ಕೂ ಸ್ಥಾನವಿದೆ.

ಅಣ್ಣನ ಮಗಳಿಗೆ ಸಂಘ ಕೊಟ್ಟ ಕೆಲಸ ಇದೇ ಆಗಿತ್ತು. ಆಕೆ ಆರಿಸಿಕೊಂಡ ವಿಷಯ 6174 ಎಂಬ ಸಂಖ್ಯೆ. ಓದುಗರು ಕಾಗದ ಪೆನ್ಸಿಲು ತೆಗೆದುಕೊಂಡು ತಾವೇ ಪರೀಕ್ಷಿಸಬಹುದು. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಳ್ಳಿ. ಕರ್ನಾಟಕ ಏಕೀಕರಣದ ವರ್ಷವಾದ 1956ನ್ನೇ ತೆಗೆದುಕೊಳ್ಳೋಣ. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದರೆ 9651, ಏರಿಕೆಯ ಕ್ರಮದಲ್ಲಿ 1569. ದೊಡ್ಡದರಿಂದ ಚಿಕ್ಕದನ್ನು ಕಳೆದರೆ 8082. ಅದಕ್ಕೂ ಹಾಗೆಯೇ ಮಾಡಿ: 8820ರಿಂದ 0288 ಕಳೆದರೆ 8532. ಮತ್ತೆ 8532ರಿಂದ 2358 ಕಳೆದರೆ 6174. ಇನ್ನು ಎಷ್ಟು ಸಲ ಮಾಡಿದರೂ 6174 ಬಿಟ್ಟು ಕದಲುವುದಿಲ್ಲ. ಎಲ್ಲಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ ಅಲ್ಲಿಗೇ ಬಂದು ಸೇರುತ್ತೇವೆ.

ಇದನ್ನು ಕಂಡವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986). ನಾಸಿಕದ ಬಳಿಯ ದೇವಳಾಲಿಯಲ್ಲಿ 1930ರಿಂದ 1962ರವರೆಗೆ ಶಾಲಾ ಉಪಾಧ್ಯಾಯರಾಗಿದ್ದವರು. ಸ್ನಾತಕೋತ್ತರ ಪದವಿ ಇರಲಿಲ್ಲ. ತಮ್ಮ ಸಂಖ್ಯೆಯನ್ನು ಅವರು 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ಮಂಡಿಸಿದರು. ಲೋಕಕ್ಕೆ ಅದರ ಪರಿಚಯ ವ್ಯಾಪಕವಾಗಿ ಆದದ್ದು 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ. “ದೇವಳಾಲಿ ಎಲ್ಲಿದೆ ಗೊತ್ತೇನಮ್ಮಾ?” ಎಂದು ನಾನು ಕೇಳಿದೆ. ಗೊತ್ತಿರಲಿಲ್ಲ. ಪುಣೆಯಲ್ಲಿ ನಮ್ಮ ಮನೆಯಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದಾದ ಊರಿನ ಮೇಷ್ಟರ ಕೆಲಸವನ್ನು ನಮ್ಮ ಹುಡುಗಿ ಅಮೆರಿಕದ ಸಭೆಯಲ್ಲಿ ವಿವರಿಸಬೇಕಾಯಿತು. ಇಲ್ಲಿ ಆಕೆ ಕಲಿತ ಹತ್ತು ಹನ್ನೆರಡು ವರ್ಷಗಳಲ್ಲಿ ಅವರ ಹೆಸರನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಆಕೆಗೂ ನಮ್ಮ ಸಂಘ ಶಾಲು ಹೊದಿಸಿತ್ತು ಎಂಬುದನ್ನು ಇಲ್ಲಿ ಸೇರಿಸಬೇಕು.

ಅಮೆರಿಕದ ಪದ್ಧತಿಯನ್ನು ಹೊಗಳಿ ನಮ್ಮದನ್ನು ತೆಗಳುವುದು ಸುಲಭ; ಅದು ನನ್ನ ಉದ್ದೇಶವಲ್ಲ. ಆ ಸಂಘಗಳಿಗೂ ದೋಷಗಳಿವೆ. ಸದಸ್ಯತ್ವಕ್ಕೆ ಶುಲ್ಕವಿದೆ. ಉದ್ಯೋಗದ ಅರ್ಜಿಯಲ್ಲಿ ಒಂದು ಸಾಲು ಹೆಚ್ಚಾಗಲೆಂದೇ ಸೇರಿ, ಪ್ರಮಾಣಪತ್ರ ಪಡೆದು ಮತ್ತೆ ಮುಖ ತೋರಿಸದವರೂ ಇದ್ದಾರೆ. ಅರ್ಹತೆಯ ಗೆರೆಯಿಂದ ಕೂದಲೆಳೆಯಷ್ಟು ಕೆಳಗುಳಿದ, ಆದರೆ ನಿಜವಾದ ಆಸಕ್ತಿಯುಳ್ಳ ವಿದ್ಯಾರ್ಥಿ ಹೊರಗೇ ನಿಲ್ಲಬೇಕಾಗುತ್ತದೆ. ಗ್ರೀಕ್ ಅಕ್ಷರಗಳ ಒಣ ಪ್ರತಿಷ್ಠೆ ನಮಗೆ ಬೇಕಾಗಿಯೂ ಇಲ್ಲ. ನಾವು ನೋಡಬೇಕಾದದ್ದು ಅದರ ತಿರುಳನ್ನು. ಗೌರವ ಪಡೆದವರು ಗೌರವದ ಮರುದಿನದಿಂದ ಕೆಲಸ ಮಾಡಬೇಕು, ಆ ಕೆಲಸ ನಾಲ್ಕು ಜನರ ಎದುರು ನಡೆಯಬೇಕು, ಕಿರಿಯರಿಗೆ ದಾಟಬೇಕು. ತಿರುಳು ಇಷ್ಟೇ.

ಈ ತಿರುಳಿಗಾಗಿ ನಾವು ಕಡಲು ದಾಟಬೇಕಾಗಿಯೂ ಇಲ್ಲ. ಪೈ ಮ್ಯೂ ಎಪ್ಸಿಲಾನ್ ನೋಂದಣಿಯಾಗುವುದಕ್ಕೆ ಏಳು ವರ್ಷ ಮೊದಲೇ, 1907ರಲ್ಲಿ, ಮದರಾಸು ಪ್ರಾಂತ್ಯದ ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ತಮ್ಮಂಥ ಕೆಲವು ಗಣಿತಾಸಕ್ತರನ್ನು ಪತ್ರಗಳ ಮೂಲಕ ಕಲೆಹಾಕಿ ಒಂದು ಕೂಟ ಕಟ್ಟಿದರು. ಪುಸ್ತಕಗಳೂ ವಿದೇಶದ ಪತ್ರಿಕೆಗಳೂ ಒಬ್ಬೊಬ್ಬರಿಗೆ ನಿಲುಕದ ಕಾಲವದು. ಹಣ ಕೂಡಿಸಿ ತರಿಸಿ ಅಂಚೆಯಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸುವುದು ಕೂಟದ ಮೊದಲ ಉದ್ದೇಶಗಳಲ್ಲೊಂದು. ಅದೇ ಮುಂದೆ ಭಾರತೀಯ ಗಣಿತ ಸಂಘವಾಯಿತು. ಆರಂಭದಲ್ಲಿ ಅದರ ಕೇಂದ್ರವೂ ಗ್ರಂಥಭಂಡಾರವೂ ಇದ್ದದ್ದು ನಮ್ಮ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. 1909ರಿಂದ ಹೊರಟ ಅದರ ಪತ್ರಿಕೆಯ ಮೊದಲ ಸಂಪಾದಕರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಎಂ. ಟಿ. ನಾರಾಯಣಯ್ಯಂಗಾರ್. ಸರ್ಕಾರಿ ನೌಕರಿಯಲ್ಲಿದ್ದವರೊಬ್ಬರು ಕಟ್ಟಿ, ಪುಣೆ ಆಶ್ರಯ ಕೊಟ್ಟು, ಬೆಂಗಳೂರಿನ ಮೇಷ್ಟರು ಸಂಪಾದಿಸಿದ ಈ ಸಂಸ್ಥೆಯ ಕಥೆ ಪುಣೆಯ ಕನ್ನಡಿಗರಾದ ನಮಗೇ ತಿಳಿಯದೆ ಉಳಿದಿದ್ದರೆ ಅದು ಸೋಜಿಗ.

ಆ ಪತ್ರಿಕೆಯಲ್ಲಿ ಓದುಗರಿಗಾಗಿ ಪ್ರಶ್ನೆಗಳ ಭಾಗವೊಂದಿತ್ತು. 1911ರಲ್ಲಿ ಅದರಲ್ಲಿ ಅಚ್ಚಾದ 289ನೆಯ ಪ್ರಶ್ನೆ, ವರ್ಗಮೂಲದ ಒಳಗೆ ವರ್ಗಮೂಲ, ಅದರೊಳಗೆ ಮತ್ತೊಂದು, ಹೀಗೆ ಕೊನೆಯಿಲ್ಲದೆ ಸಾಗುವ ಒಂದು ರಾಶಿಯ ಬೆಲೆ ಏನೆಂದು ಕೇಳಿತ್ತು. ಯಾರಿಂದಲೂ ಉತ್ತರ ಬರಲಿಲ್ಲ. ಕೊನೆಗೆ ಕೇಳಿದವರೇ ಹೇಳಿದರು: ಬೆಲೆ 3. ಕೇಳಿದವರು ಎಸ್. ರಾಮಾನುಜನ್. ಅವರ ಮೊದಲ ಪ್ರಬಂಧ ಅಚ್ಚಾದದ್ದೂ ಅದೇ ವರ್ಷ, ಅದೇ ಪತ್ರಿಕೆಯಲ್ಲಿ. ಆಗ ಅವರ ಸ್ಥಿತಿ ಏನಿತ್ತು? ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಕೈತಪ್ಪಿತ್ತು, ಮದರಾಸಿನಲ್ಲಿ ಎಫ್.ಎ. ಪರೀಕ್ಷೆಯಲ್ಲಿ ನಪಾಸಾಗಿದ್ದರು. 1910ರಲ್ಲಿ ಗುಮಾಸ್ತನ ಕೆಲಸ ಬೇಡುತ್ತ ಅವರು ಹೋದದ್ದು ಇದೇ ರಾಮಸ್ವಾಮಿ ಅಯ್ಯರರ ಬಳಿಗೆ. ಟಿಪ್ಪಣಿ ಪುಸ್ತಕ ನೋಡಿದ ಅಯ್ಯರರು ಇಂಥ ಬುದ್ಧಿಯನ್ನು ಕಂದಾಯ ಇಲಾಖೆಯ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿ ಕೊಲ್ಲಲಾರೆನೆಂದು ಬಗೆದು, ಪರಿಚಯ ಪತ್ರ ಕೊಟ್ಟು ಗಣಿತ ಬಲ್ಲ ಗೆಳೆಯರ ಬಳಿಗೆ ಕಳಿಸಿದರು. ನೆಲ್ಲೂರಿನ ಕಲೆಕ್ಟರಾಗಿದ್ದ ಆರ್. ರಾಮಚಂದ್ರ ರಾವ್ ಸ್ವಲ್ಪ ಕಾಲ ತಿಂಗಳಿಗೆ 25 ರೂಪಾಯಿ ಕೊಟ್ಟು ಸಲಹಿದರು. 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ 30 ರೂಪಾಯಿಯ ಕೆಲಸ ದೊರೆಯಿತು. 1913ರ ಜನವರಿಯಲ್ಲಿ ಕೇಂಬ್ರಿಜ್‌ನ ಹಾರ್ಡಿಯವರಿಗೆ ಪತ್ರ ಹೋಯಿತು. ಮುಂದಿನದು ಎಲ್ಲರಿಗೂ ತಿಳಿದದ್ದೇ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ದೈವದತ್ತ ಪ್ರತಿಭೆಯ ಕಥೆಯಾಗಿ ಹೇಳುತ್ತೇವೆ. ನನಗೆ ಅದು ಒಂದು ಸಂಘದ ಕಥೆಯಾಗಿಯೂ ಕಾಣುತ್ತದೆ. ಇಂದಿನ ನಮ್ಮ ಪ್ರತಿಭಾ ಪುರಸ್ಕಾರದ ನಿಯಮಗಳನ್ನು ಮುಂದಿಟ್ಟುಕೊಂಡರೆ, ಎಫ್.ಎ. ನಪಾಸಾದ ರಾಮಾನುಜನ್ನರ ಅರ್ಜಿ ಪದಾಧಿಕಾರಿಗಳ ಮೇಜಿನ ಮೇಲೆಯೇ ಬೀಳುತ್ತಿರಲಿಲ್ಲ. ಅಂಕಪಟ್ಟಿ ಕಾಣದ್ದನ್ನು ಒಂದು ಪ್ರಶ್ನೆಗಳ ಪುಟ ಕಂಡಿತು. ಕಾಪ್ರೇಕರರ ವಿಷಯವೂ ಹಾಗೆಯೇ. ಫರ್ಗ್ಯುಸನ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ 1927ರಲ್ಲಿ ಅವರಿಗೆ ರ‍್ಯಾಂಗ್ಲರ್ ಪರಾಂಜಪೆಯವರ ಹೆಸರಿನ ಗಣಿತ ಬಹುಮಾನ ಬಂದಿತ್ತು; ಪರೀಕ್ಷೆಯ ಅಂಕಕ್ಕಲ್ಲ, ಸ್ವಂತ ಬುದ್ಧಿಯಿಂದ ಮಾಡಿದ ಗಣಿತದ ಕೆಲಸಕ್ಕೆ. ಆ ಬಹುಮಾನದ ಮರುದಿನದಿಂದ ಬದುಕಿನ ಕೊನೆಯವರೆಗೂ ಅವರು ಸಂಖ್ಯೆಗಳ ಹಿಂದೆಯೇ ನಡೆದರು.

ಓದುಗರು ಕೇಳಬಹುದು: ಗಣಿತದ ಕಥೆ ಸರಿ, ಕನ್ನಡ ಸಂಘಕ್ಕೂ ಇದಕ್ಕೂ ಏನು ಸಂಬಂಧ? ಸಂಬಂಧವಿದೆ, ಮತ್ತು ನನ್ನ ಕಳವಳವಿರುವುದು ಅಲ್ಲಿಯೇ. ಹೊರನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಕನ್ನಡವನ್ನು ಗಮನವಿಟ್ಟು ಕೇಳಿ. “ಊಟ ಆಯ್ತು”, “ನಿದ್ದೆ ಬಂತು”, “ಅಜ್ಜಿ ಹೇಗಿದ್ದಾರೆ” ಎಂಬಲ್ಲಿಗೆ ಅದು ನಿಲ್ಲುತ್ತದೆ. ಐದು ವರ್ಷದ ಮಗುವಿಗೆ ಸಾಕಾದ ಕನ್ನಡವೇ ಇಪ್ಪತ್ತರ ಯುವಕನಲ್ಲೂ ಉಳಿದಿರುತ್ತದೆ. ಅವನು ಬೆಳೆದಿದ್ದಾನೆ, ಅವನ ಕನ್ನಡ ಬೆಳೆದಿಲ್ಲ. ವಿಚಾರ ಮಾಡಬೇಕಾದಾಗ, ವಾದಿಸಬೇಕಾದಾಗ, ‘ಏಕೆಂದರೆ’, ‘ಆದ್ದರಿಂದ’, ‘ಒಂದು ವೇಳೆ’ ಎಂಬ ಮಾತುಗಳು ಬೇಕಾದಾಗ ಅವನು ಇಂಗ್ಲಿಷಿಗೋ ಮರಾಠಿಗೋ ಹಿಂದಿಗೋ ಹೋಗುತ್ತಾನೆ. ವಯಸ್ಕರ ಕೆಲಸವಿಲ್ಲದ ಭಾಷೆ ಅಡುಗೆಮನೆಯ ಭಾಷೆಯಾಗಿ, ಮುಂದಿನ ಪೀಳಿಗೆಯಲ್ಲಿ ಅಡುಗೆಮನೆಯಿಂದಲೂ ಹೊರಬೀಳುತ್ತದೆ. ನಾವು ರಾಜ್ಯೋತ್ಸವದಲ್ಲಿ ನಾಡಗೀತೆ ಹಾಡಿಸಿದರೆ ಇದು ನಿಲ್ಲುವುದಿಲ್ಲ. ಭಾಷೆಗೆ ಕೆಲಸ ಕೊಟ್ಟರೆ ನಿಂತೀತು.

ಕನ್ನಡದಲ್ಲಿ ಗಣಿತ ಹೇಳಲು ಬಂದೀತೇ ಎಂದು ಸಂದೇಹಪಡುವವರಿಗೆ ಚರಿತ್ರೆಯಲ್ಲಿ ಉತ್ತರವಿದೆ. ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದ. ಆದರೆ ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ರಚಿಸಿದ. ನಮ್ಮ ಕಾಲಕ್ಕೆ ಹತ್ತಿರ ಬಂದರೆ ಅದೇ ಸೆಂಟ್ರಲ್ ಕಾಲೇಜು ಮತ್ತೆ ಎದುರಾಗುತ್ತದೆ. ಅಲ್ಲಿನ ಭೌತಶಾಸ್ತ್ರದ ಪ್ರಾಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರರೊಡನೆ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಅದೇ ಕಾಲಕ್ಕೆ ಎ. ಆರ್. ಕೃಷ್ಣಶಾಸ್ತ್ರಿಗಳು ಆ ಕಾಲೇಜಿನಲ್ಲಿ ಕರ್ಣಾಟಕ ಸಂಘ ಕಟ್ಟಿ, ‘ಪ್ರಬುದ್ಧ ಕರ್ಣಾಟಕ’ಕ್ಕೆ ಅಡಿಪಾಯ ಹಾಕಿದರು. ಅಲ್ಲಿ ಗಣಿತದ ಪತ್ರಿಕೆಯ ಸಂಪಾದಕರು, ವಿಜ್ಞಾನದ ಪತ್ರಿಕೆಯ ಸಂಪಾದಕರು, ಸಾಹಿತ್ಯದ ಸಂಘದ ಸ್ಥಾಪಕರು ಒಂದೇ ಕಾಲೇಜಿನ ಸಹೋದ್ಯೋಗಿಗಳು. ಸಂಸ್ಕೃತಿಯೆಂದರೆ ಹಾಡು ಕುಣಿತ, ಗಣಿತವೆಂದರೆ ಕೋಚಿಂಗ್ ತರಗತಿ ಎಂದು ಬೇಲಿ ಹಾಕಿಕೊಂಡವರು ಅವರಲ್ಲ, ನಾವು.

ಅರ್ಥ ಮಾಡಿಕೊಳ್ಳುವುದಕ್ಕೂ ಅಂಕ ಗಳಿಸುವುದಕ್ಕೂ ಇರುವ ಅಂತರ ನನಗೆ ವೃತ್ತಿಯಲ್ಲಿಯೂ ಕಂಡಿದೆ. ನೇಮಕಾತಿಯ ಸಂದರ್ಶನ ಮಂಡಲಿಗಳಲ್ಲಿ ಕುಳಿತಾಗ ಒಂದು ಪ್ರಶ್ನೆಯನ್ನು ನಾನು ಹಲವು ಸಲ ಕೇಳಿದ್ದೇನೆ: ಋಣವನ್ನು ಋಣದಿಂದ ಗುಣಿಸಿದರೆ ಧನ ಏಕಾಗುತ್ತದೆ? ತೊಂಬತ್ತರ ಮೇಲೆ ಅಂಕ ಪಡೆದ ಅಭ್ಯರ್ಥಿಗಳಲ್ಲಿ ಹೆಚ್ಚಿನವರು “ಅದು ನಿಯಮ ಸಾರ್” ಎಂದು ಸುಮ್ಮನಾದರು. ನಿಯಮವೇನೋ ಹಳೆಯದೇ, 628ರಲ್ಲಿ ಬ್ರಹ್ಮಗುಪ್ತ ಧನ, ಋಣ ಎಂಬ ಮಾತುಗಳಲ್ಲೇ ಅದನ್ನು ಹೇಳಿದ್ದಾನೆ. ಆದರೆ ಕಾರಣ? ಒಬ್ಬ ಅಭ್ಯರ್ಥಿ ಮಾತ್ರ ಕ್ಷಣ ಕಾಲ ಯೋಚಿಸಿ, “ನೂರು ರೂಪಾಯಿಯ ಮೂರು ಸಾಲಗಳನ್ನು ನನ್ನ ಲೆಕ್ಕದಿಂದ ತೆಗೆದುಹಾಕಿದರೆ ನಾನು ಮುನ್ನೂರು ರೂಪಾಯಿಯಷ್ಟು ಉಳ್ಳವನಾದೆ” ಎಂದ. ಅವನ ಅಂಕ ಉಳಿದವರಿಗಿಂತ ಕಡಿಮೆ. ಸಾಲ ಎಂಬ ಮಾತನ್ನು ಮನೆಮಾತಿನಲ್ಲಿ ಅನುಭವಿಸಿದವನಿಗೆ ಗಣಿತ ಹೊಳೆಯಿತು ಎಂದು ನನಗನ್ನಿಸಿತು. ಮನೆಮಾತಿನಲ್ಲಿ ವಿವರಿಸಲು ಹೊರಟಾಗ ಕಂಠಪಾಠ ಕೈಕೊಡುತ್ತದೆ; ತಿಳಿದದ್ದು ಮಾತ್ರ ಉಳಿಯುತ್ತದೆ. ಆದ್ದರಿಂದ ಕನ್ನಡದಲ್ಲಿ ಗಣಿತ ಹೇಳಿಸುವುದು ಕನ್ನಡಕ್ಕೆ ಮಾಡುವ ಉಪಕಾರ ಮಾತ್ರವಲ್ಲ, ಗಣಿತಕ್ಕೂ ಉಪಕಾರ.

ಈಗ ನನ್ನ ಸಲಹೆಗಳು. ಒಂದು: ಮುಂದಿನ ರಾಜ್ಯೋತ್ಸವದಿಂದ ಪುರಸ್ಕಾರ ಪಡೆಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ವರ್ಷದೊಳಗೆ ಸಂಘದ ಸಭೆಯಲ್ಲಿ ಹದಿನೈದು ನಿಮಿಷ ಕನ್ನಡದಲ್ಲಿ ಮಾತನಾಡುವುದನ್ನು ಷರತ್ತಾಗಿ ಇಡೋಣ. ವಿಷಯ ಗಣಿತವೇ ಆಗಬೇಕಾಗಿಲ್ಲ; ತಾನು ಓದುತ್ತಿರುವುದರಲ್ಲಿ ತನಗೆ ಸೊಗಸೆನಿಸಿದ ಯಾವುದಾದರೂ ಒಂದು. ಎರಡು: ಈ ತ್ರೈಮಾಸಿಕದಲ್ಲಿ ಪ್ರತಿ ಸಂಚಿಕೆಗೆ ಒಂದು ಪುಟವನ್ನು ಪ್ರಶ್ನೆಗಳಿಗೆ ಮೀಸಲಿಟ್ಟು, ಬಿಡಿಸಿದ ಮಕ್ಕಳ ಹೆಸರುಗಳನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕೋಣ. ಮೂರು: ಅಂಕ ಕಡಿಮೆಯಿದ್ದರೂ ಮೂರು ಪ್ರಶ್ನೆಗಳನ್ನು ಸ್ವಂತವಾಗಿ ಬಿಡಿಸಿದ ವಿದ್ಯಾರ್ಥಿಗೆ ವೇದಿಕೆಯ ಮೇಲೆ ಸಮಾನ ಸ್ಥಾನ ಕೊಡೋಣ. ನಾಲ್ಕು: ರಾಮಾನುಜನ್ನರ ಹುಟ್ಟುಹಬ್ಬವಾದ ಡಿಸೆಂಬರ್ 22ನ್ನು 2012ರಿಂದ ದೇಶ ರಾಷ್ಟ್ರೀಯ ಗಣಿತ ದಿನವಾಗಿ ಆಚರಿಸುತ್ತಿದೆ; ಅದರ ಹತ್ತಿರದ ಒಂದು ಭಾನುವಾರ ಮುಂಬಯಿ, ಸೊಲ್ಲಾಪುರ ಮೊದಲಾದ ಕಡೆಯ ಸಂಘಗಳ ಮಕ್ಕಳನ್ನೂ ಕರೆದು ಒಂದು ದಿನದ ವಿದ್ಯಾರ್ಥಿ ಸಮ್ಮೇಳನ ನಡೆಸೋಣ. ಐದು: ನಮ್ಮಲ್ಲಿರುವ ನಿವೃತ್ತ ಅಧ್ಯಾಪಕರು, ಇಂಜಿನಿಯರುಗಳು, ಬ್ಯಾಂಕಿನ ಅಧಿಕಾರಿಗಳು ಒಬ್ಬೊಬ್ಬರು ಒಂದೊಂದು ಮಗುವಿಗೆ ಸಿದ್ಧತೆಯಲ್ಲಿ ನೆರವಾಗಲಿ. ಭಾಷಣ ಬರೆದುಕೊಡುವುದು ಬೇಡ. ಕೇಳಿಸಿಕೊಂಡು ಪ್ರಶ್ನೆ ಕೇಳಿದರೆ ಸಾಕು.

ಆಕ್ಷೇಪಗಳು ನನಗೆ ಗೊತ್ತಿವೆ. ಮಕ್ಕಳಿಗೆ ಅಷ್ಟು ಕನ್ನಡ ಬರುವುದಿಲ್ಲ ಎನ್ನುವರು. ಬರುವಷ್ಟರಲ್ಲಿ ಆರಂಭಿಸಲಿ. ‘ಫಂಕ್ಷನ್’, ‘ಮ್ಯಾಟ್ರಿಕ್ಸ್’ ಎಂಬ ಮಾತುಗಳು ಹಾಗೆಯೇ ಇರಲಿ. ಅವುಗಳ ನಡುವಿನ ‘ಏಕೆಂದರೆ’, ‘ಆದ್ದರಿಂದ’ಗಳು ಕನ್ನಡದಲ್ಲಿದ್ದರೆ ವಾಕ್ಯ ಕನ್ನಡದ್ದೇ. ಕರಿಹಲಗೆಯ ಮೇಲಿನ ಅಂಕಿಗಳಿಗೆ ಭಾಷೆಯ ಗಡಿಯಿಲ್ಲ. ಪ್ರವೇಶ ಪರೀಕ್ಷೆಗಳ ಒತ್ತಡದಲ್ಲಿ ಮಕ್ಕಳಿಗೆ ಪುರುಸೊತ್ತೆಲ್ಲಿ ಎನ್ನುವರು. ವರ್ಷಕ್ಕೆ ಒಂದು ಸಲ ಹದಿನೈದು ನಿಮಿಷ, ಅದಕ್ಕೆ ಕೆಲವು ಸಂಜೆಗಳ ಸಿದ್ಧತೆ. ಇದರಿಂದ ಕೆಡುವ ಭವಿಷ್ಯ ಬಹಳ ಗಟ್ಟಿಯಾದದ್ದಲ್ಲ. ಹಣವೆಲ್ಲಿ ಎನ್ನುವರು. ಒಂದು ಕರಿಹಲಗೆ, ಒಂದು ಡಬ್ಬಿ ಸೀಮೆಸುಣ್ಣ, ಬಂದವರಿಗೆ ಉಪ್ಪಿಟ್ಟು ಕಾಫಿ. ಒಂದು ವರ್ಷದ ಶಾಲು ಹಾರಗಳ ಖರ್ಚಿನಲ್ಲಿ ಇದು ನಡೆದುಹೋಗುತ್ತದೆ. ಕೇಳಲು ಯಾರು ಬರುತ್ತಾರೆ ಎಂಬುದು ಮಾತ್ರ ನಿಜವಾದ ಆಕ್ಷೇಪ. ಮೊದಲ ವರ್ಷ ಹದಿನೈದು ಜನ ಬಂದಾರು. ಅಷ್ಟಕ್ಕೆ ಎದೆಗುಂದಬಾರದು. ಮಾತನಾಡುವ ಮಗುವಿಗೆ ಬೇಕಾದದ್ದು ತುಂಬಿದ ಸಭಾಂಗಣವಲ್ಲ. ತಾನು ಹೇಳುತ್ತಿರುವುದನ್ನು ನಿಜವಾಗಿ ಕೇಳುತ್ತಿರುವ ನಾಲ್ಕು ಮುಖಗಳು. ಪದಾಧಿಕಾರಿಗಳು ಆ ನಾಲ್ವರಾಗಲು ಒಪ್ಪಿದರೆ ಕೆಲಸ ಆರಂಭವ:ದಂತೆಯೇ.

ಸಂಪಾದಕರು ಒಪ್ಪುವುದಾದರೆ ಪ್ರಶ್ನೆಗಳ ಪುಟವನ್ನು ಈ ಸಂಚಿಕೆಯಿಂದಲೇ ತೆರೆಯಬಹುದು. ಮೊದಲ ಪ್ರಶ್ನೆ ನನ್ನದಿರಲಿ. ಕಾಪ್ರೇಕರರ ಕ್ರಮವನ್ನೇ ಮೂರಂಕಿಯ ಸಂಖ್ಯೆಗಳಿಗೆ ಅನ್ವಯಿಸಿ ನೋಡಿ; ಮೂರೂ ಅಂಕಿಗಳು ಒಂದೇ ಆಗಿರಬಾರದು, ಬಂದ ಶೇಷವನ್ನು ಸೊನ್ನೆ ಸೇರಿಸಿಯಾದರೂ ಮೂರಂಕಿಯಲ್ಲಿಯೇ ಬರೆಯಬೇಕು. ಅದು ಕೊನೆಗೆ ಯಾವ ಸಂಖ್ಯೆಯಲ್ಲಿ ನಿಲ್ಲುತ್ತದೆ? ಪ್ರತಿ ಹೆಜ್ಜೆಯ ಶೇಷದಲ್ಲೂ ನಡುವಿನ ಅಂಕಿ 9 ಆಗಿಯೇ ಬರುವುದೇಕೆ? ಮೊದಲನೆಯದಕ್ಕೆ ಉತ್ತರ ಐದು ನಿಮಿಷದಲ್ಲಿ ಸಿಕ್ಕೀತು. ಎರಡನೆಯದಕ್ಕೆ ಕಾರಣ ಬೇಕು, ಮತ್ತು ಆ ಕಾರಣವನ್ನು ಕನ್ನಡದಲ್ಲಿ ಬರೆದು ಕಳಿಸಬೇಕು. ಬರೆದವರ ಅಂಕಪಟ್ಟಿಯನ್ನು ನಾವು ಕೇಳುವುದಿಲ್ಲ.